ಶಾಸನದಿಂದ ಶಾಸನಕ್ಕೆ: ಸ್ಪೇನಿನ ಸ್ಥಿತ್ಯಂತರ ಮತ್ತು ಅಡಾಲ್ಫೊ ಸ್ವಾರೆಸ್
1975ರ ನವೆಂಬರ್ 20ರಂದು ಫ್ರಾಂಕೊ ಸತ್ತಾಗ ಸ್ಪೇನಿನಲ್ಲಿ ಸರ್ವಾಧಿಕಾರಿ ಇಲ್ಲವಾದನೇ ಹೊರತು ಸರ್ವಾಧಿಕಾರ ಇಲ್ಲವಾಗಲಿಲ್ಲ. ಅವನೇ ಆರಿಸಿಟ್ಟಿದ್ದ ಹ್ವಾನ್ ಕಾರ್ಲೋಸ್ ಎರಡೇ ದಿನಗಳಲ್ಲಿ ರಾಜರಾದರು; ಪ್ರಧಾನಿ ಅರಿಯಾಸ್ ನವಾರೊ ಹುದ್ದೆಯಲ್ಲೇ ಉಳಿದರು. 1976ರ ಜುಲೈನಲ್ಲಿ ಆ ಜಾಗಕ್ಕೆ ಅಡಾಲ್ಫೊ ಸ್ವಾರೆಸ್ ಬಂದಾಗ ಪ್ರಜಾಪ್ರಭುತ್ವವಾದಿಗಳು ಕೈಚೆಲ್ಲಿದರು. ಸ್ವಾರೆಸ್ ಫ್ರಾಂಕೊನ ಏಕಪಕ್ಷ 'ಮೊವಿಮಿಯೆಂತೊ'ದಲ್ಲಿ ಬೆಳೆದು ಅದರ ಮಹಾಕಾರ್ಯದರ್ಶಿಯಾಗಿದ್ದವರು, ಸರ್ಕಾರಿ ದೂರದರ್ಶನದ ಮುಖ್ಯಸ್ಥರಾಗಿದ್ದವರು. ಒಳಗಿನವರಾಗಿದ್ದುದೇ ಅವರ ಬಂಡವಾಳವೆಂಬುದು ಆಗ ಹೆಚ್ಚಿನವರಿಗೆ ಹೊಳೆದಂತಿಲ್ಲ.

ಹಳೆಯ ಕಾನೂನನ್ನು ಮುರಿಯದೆ, ಅದರ ವಿಧಿಗಳಿಂದಲೇ ಅದನ್ನು ಕಳಚುವ ಉಪಾಯ ಸಂಸತ್ತಿನ ಅಧ್ಯಕ್ಷ, ಕಾನೂನು ಪ್ರಾಧ್ಯಾಪಕ ಫರ್ನಾಂಡೆಸ್ ಮಿರಾಂಡ ಅವರದು. ಫ್ರಾಂಕೊನ ಶಾಸನಗಳಿಗೆ ನಿಷ್ಠೆಯ ಪ್ರಮಾಣ ಮಾಡಿದ್ದ ಸೇನಾಧಿಕಾರಿಗಳಿಗೆ ಇದರಿಂದ ತಕರಾರೆತ್ತಲು ಕಾನೂನಿನ ನೆಪವೇ ಸಿಗಲಿಲ್ಲ. 1976ರ ನವೆಂಬರ್ 18ರಂದು ಫ್ರಾಂಕೊ ಕಾಲದ ಸಂಸತ್ತೇ ಚುನಾಯಿತ ಸಂಸತ್ತಿಗೆ ದಾರಿ ತೆರೆಯುವ ರಾಜಕೀಯ ಸುಧಾರಣಾ ಶಾಸನಕ್ಕೆ ಒಪ್ಪಿಗೆಯಿತ್ತು ತನ್ನ ಗೋರಿಯನ್ನು ತಾನೇ ತೋಡಿಕೊಂಡಿತು: ಪರ 425, ವಿರೋಧ 59. ಡಿಸೆಂಬರ್ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ. 94ರಷ್ಟು ಮಂದಿ 'ಹೌದು' ಎಂದರು.

ನಿಷೇಧಿತ ಕಮ್ಯುನಿಸ್ಟ್ ಪಕ್ಷದ ಪ್ರಶ್ನೆ ಇಷ್ಟು ಸಲೀಸಾಗಿರಲಿಲ್ಲ. 1977ರ ಜನವರಿಯಲ್ಲಿ ಮ್ಯಾಡ್ರಿಡ್‌ನ ಅತೋಚಾ ಬೀದಿಯಲ್ಲಿ ಪಕ್ಷಕ್ಕೆ ಹತ್ತಿರವಾಗಿದ್ದ ಕಾರ್ಮಿಕ ವಕೀಲರ ಕಚೇರಿಗೆ ನುಗ್ಗಿದ ಬಲಪಂಥೀಯ ಬಂದೂಕುಧಾರಿಗಳು ಐವರನ್ನು ಕೊಂದರು. ಪಕ್ಷ ಸೇಡಿಗೆ ಇಳಿಯಲಿಲ್ಲ; ಶವಯಾತ್ರೆಗೆ ಸೇರಿದ ಅಪಾರ ಜನಸ್ತೋಮದ ಶಿಸ್ತೇ ಅದರ ಪರವಾದ ವಾದವಾಯಿತು. ಏಪ್ರಿಲ್ 9ರಂದು, ಈಸ್ಟರ್ ಮುನ್ನಾದಿನ ಊರೆಲ್ಲ ರಜೆಯಲ್ಲಿದ್ದಾಗ, ಸ್ವಾರೆಸ್ ಪಕ್ಷಕ್ಕೆ ಮಾನ್ಯತೆ ಕೊಟ್ಟರು. ನೌಕಾ ಸಚಿವರು ರಾಜೀನಾಮೆ ಎಸೆದರು. ಅತ್ತ ಕಮ್ಯುನಿಸ್ಟ್ ನಾಯಕ ಸಾಂಟಿಯಾಗೊ ಕರಿಯೊ ರಾಜಪ್ರಭುತ್ವವನ್ನೂ ರಾಷ್ಟ್ರಧ್ವಜವನ್ನೂ ಒಪ್ಪಿದರು. ಅಂತರ್ಯುದ್ಧದಲ್ಲಿ ಗಣರಾಜ್ಯಕ್ಕಾಗಿ ಹೋರಾಡಿದ ಪಕ್ಷಕ್ಕೆ ಇದು ನುಂಗಲು ಸುಲಭದ ತುತ್ತಾಗಿರಲಿಲ್ಲ.

ಜೂನ್ ಚುನಾವಣೆಯಲ್ಲಿ ಸ್ವಾರೆಸ್ ಗೆದ್ದರೂ ಬಹುಮತ ದಕ್ಕಲಿಲ್ಲ. ಹಾಗಾಗಿ ಹಣದುಬ್ಬರ ತಗ್ಗಿಸುವ ಮೊಂಕ್ಲೋವಾ ಒಪ್ಪಂದಗಳೂ 1978ರ ಸಂವಿಧಾನವೂ ರಾಜಿಯ ಫಲಗಳಾದವು. ಅದೇ ರಾಜಿಯ ಕತ್ತಲ ಮಗ್ಗುಲು 1977ರ ಅಕ್ಟೋಬರ್‌ನ ಕ್ಷಮಾದಾನ ಶಾಸನ: ಅದು ರಾಜಕೀಯ ಕೈದಿಗಳ ಜೊತೆಗೆ ಚಿತ್ರಹಿಂಸೆ ಕೊಟ್ಟ ಅಧಿಕಾರಿಗಳನ್ನೂ ಕಾಪಾಡಿತು.

1981ರ ಫೆಬ್ರವರಿ 23ರಂದು ದಂಗೆಯೆದ್ದ ಲೆಫ್ಟಿನೆಂಟ್ ಕರ್ನಲ್ ತೆಹೆರೊ ಸಂಸತ್ತಿಗೆ ನುಗ್ಗಿದಾಗ ಸದಸ್ಯರು ಬೆಂಚುಗಳಡಿ ಅವಿತರು. ಗುಂಡಿನ ಸದ್ದಿಗೆ ಅಡಗದೆ ಉಳಿದವರು ಮೂವರು: ಆಗಲೇ ರಾಜೀನಾಮೆ ಕೊಟ್ಟಿದ್ದ ಸ್ವಾರೆಸ್, ಉಪಪ್ರಧಾನಿ ಜನರಲ್ ಗುತಿಯೆರೆಸ್ ಮೆಯಾದೊ, ಕರಿಯೊ. ರಾಜರು ಸೇನಾ ಸಮವಸ್ತ್ರದಲ್ಲಿ ದೂರದರ್ಶನದಲ್ಲಿ ಮಾತಾಡಿದ ಮೇಲೆ ದಂಗೆ ಕುಸಿಯಿತು. ಮರುವರ್ಷ ಫೆಲಿಪೆ ಗೊನ್ಸಾಲೆಸ್ ಅವರ ಸಮಾಜವಾದಿಗಳು 202 ಸ್ಥಾನ ಗೆದ್ದರು. ಕರಿಯೊ ಪಕ್ಷಕ್ಕೆ 4, ಸ್ವಾರೆಸ್ ಕಟ್ಟಿದ ಹೊಸ ಪಕ್ಷಕ್ಕೆ 2 ಸ್ಥಾನ ಉಳಿದವು.