ಮನೆಯ ಕೊಳಾಯಿ ಕಾಮಗಾರಿ ಮತ್ತು ನೀರು ಸರಬರಾಜು ನಿಯಮಗಳು: ಯಾರನ್ನು, ಯಾವಾಗ ಸಂಪರ್ಕಿಸಬೇಕು?

ಪೀಠಿಕೆ

ಹೊಸದಾಗಿ ಮನೆ ಕಟ್ಟುವವರು, ಹಳೆಯ ಕೊಳವೆಗಳನ್ನು ಬದಲಾಯಿಸುವವರು ಹಾಗೂ ಹೆಚ್ಚುವರಿ ನಲ್ಲಿ ಸಂಪರ್ಕ ಬಯಸುವವರು ಸಾಮಾನ್ಯವಾಗಿ ಮೊದಲು ಕೊಳಾಯಿ ಕೆಲಸಗಾರರನ್ನು ಕರೆಸುತ್ತಾರೆ. ನೀರು ಪೂರೈಸುವ ಸಂಸ್ಥೆಯ ಕಛೇರಿಗೆ ಹೋಗುವುದು ಕಾಮಗಾರಿ ಮುಗಿದ ನಂತರವೇ. ಆ ವೇಳೆಗೆ ಅಗೆದ ಗುಂಡಿ ಮುಚ್ಚಿ, ನೆಲಕ್ಕೆ ಕಲ್ಲು ಹಾಸಿಯಾಗಿರುತ್ತದೆ. ನಿಯಮಕ್ಕೆ ವಿರುದ್ಧವಾದ ಜೋಡಣೆ ಕಂಡುಬಂದಲ್ಲಿ ಪುನಃ ಅಗೆದು ಸರಿಪಡಿಸುವ ವೆಚ್ಚವು ಮಾಲೀಕರ ಮೇಲೆಯೇ ಬೀಳುತ್ತದೆ. ಆದುದರಿಂದ ಕಾಮಗಾರಿ ಆರಂಭಿಸುವ ಮೊದಲೇ ತಮ್ಮ ಪ್ರದೇಶಕ್ಕೆ ನೀರು ಪೂರೈಸುವ ಸಂಸ್ಥೆಯನ್ನು ಸಂಪರ್ಕಿಸುವುದು ಅತ್ಯಗತ್ಯ. ಕರ್ನಾಟಕದಲ್ಲಿ ಈ ಸಂಸ್ಥೆಯು ಎಲ್ಲೆಡೆ ಒಂದೇ ಆಗಿರುವುದಿಲ್ಲ. ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಯಾವ ಪ್ರದೇಶಕ್ಕೆ ಯಾವ ಸಂಸ್ಥೆ

(ಅ) ಬೆಂಗಳೂರು: ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು 1964ರ ಅಧಿನಿಯಮದ ಮೇರೆಗೆ ರಚಿತವಾದ ಸಂಸ್ಥೆಯಾಗಿದ್ದು, ಕುಡಿಯುವ ನೀರು ಮತ್ತು ಒಳಚರಂಡಿ ಎರಡನ್ನೂ ನಿರ್ವಹಿಸುತ್ತದೆ. ಕಟ್ಟಡದ ನಕ್ಷೆಗೆ ಅನುಮೋದನೆ ನೀಡುವ ಪ್ರಾಧಿಕಾರವೇ ಬೇರೆ, ನೀರಿನ ಸಂಪರ್ಕ ನೀಡುವ ಮಂಡಳಿಯೇ ಬೇರೆ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ನಗರಕ್ಕೆ 2007ರಲ್ಲಿ ಸೇರ್ಪಡೆಯಾದ 110 ಹಳ್ಳಿಗಳ ನಿವಾಸಿಗಳು ಸಹ ಇದೇ ಮಂಡಳಿಯನ್ನು ಸಂಪರ್ಕಿಸಬೇಕು. ಈ ಹಳ್ಳಿಗಳಿಗಾಗಿ ಕೈಗೊಂಡ ಕಾವೇರಿ ಐದನೇ ಹಂತದ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿದೆ. ಸ್ಥಳೀಯ ವಿಚಾರಣೆಗೆ ಆಯಾ ಉಪವಿಭಾಗದ ಸಹಾಯಕ ಕಾರ್ಯಪಾಲಕ ಅಭಿಯಂತರರ ಕಛೇರಿಯನ್ನು, ದೂರುಗಳಿಗೆ 1916 ದೂರವಾಣಿ ಸಂಖ್ಯೆಯನ್ನು ಸಂಪರ್ಕಿಸಬಹುದಾಗಿದೆ.

(ಆ) ಇತರ ನಗರ ಮತ್ತು ಪಟ್ಟಣಗಳು: ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ನೀರು ಸರಬರಾಜು ಶಾಖೆಯನ್ನು ಸಂಪರ್ಕಿಸಬೇಕು. ಮೈಸೂರಿನಲ್ಲಿ ಈ ಕಾರ್ಯವನ್ನು ಮಹಾನಗರ ಪಾಲಿಕೆಯ ವಾಣಿ ವಿಲಾಸ ನೀರು ಸರಬರಾಜು ವಿಭಾಗವು ನಿರ್ವಹಿಸುತ್ತದೆ. ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಬೆಂಗಳೂರು ಹೊರತುಪಡಿಸಿ ಇತರ ನಗರಗಳಲ್ಲಿ ಯೋಜನೆಗಳನ್ನು ರೂಪಿಸಿ, ನಿರ್ಮಿಸಿ, ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸುತ್ತದೆ. ಆದ್ದರಿಂದ ಮನೆಯ ಸಂಪರ್ಕಕ್ಕೆ ಸಂಬಂಧಿಸಿದ ಅರ್ಜಿಯನ್ನು ಸ್ಥಳೀಯ ಸಂಸ್ಥೆಯಲ್ಲಿಯೇ ವಿಚಾರಿಸಬೇಕು. ನಿರಂತರ ನೀರು ಪೂರೈಕೆ ಯೋಜನೆಯಡಿ ನಿರ್ವಹಣೆಯನ್ನು ಗುತ್ತಿಗೆ ಸಂಸ್ಥೆಗೆ ವಹಿಸಿರುವ ನಗರಗಳಲ್ಲಿ ಆ ಸಂಸ್ಥೆಯ ಗ್ರಾಹಕ ಸೇವಾ ಕೇಂದ್ರದ ವಿವರವೂ ಪಾಲಿಕೆಯಲ್ಲಿಯೇ ದೊರೆಯುತ್ತದೆ.

(ಇ) ಗ್ರಾಮೀಣ ಪ್ರದೇಶ: ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಸಂಪರ್ಕಿಸಬೇಕು. ಊರಿನ ಕೊಳವೆ ಮಾರ್ಗ, ಕವಾಟಗಳ ಸ್ಥಳ ಮತ್ತು ನೀರು ಬಿಡುವ ವೇಳೆಯ ಬಗ್ಗೆ ನೀರುಗಂಟಿಗಳಲ್ಲಿ ಮಾಹಿತಿ ಇರುತ್ತದೆ. ಆದರೆ ಹೊಸ ಸಂಪರ್ಕಕ್ಕೆ ಅವರ ಬಾಯಿಮಾತಿನ ಒಪ್ಪಿಗೆ ಸಾಲದು, ಪಂಚಾಯಿತಿಯ ಅನುಮತಿ ಪಡೆಯತಕ್ಕದ್ದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿ ಇದೆ. ಈ ಕಾಮಗಾರಿಗಳ ತಾಂತ್ರಿಕ ವಿಷಯಗಳನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಅಭಿಯಂತರರು ನೋಡಿಕೊಳ್ಳುತ್ತಾರೆ.

2. ಮುಂಚಿತವಾಗಿ ವಿಚಾರಿಸಬೇಕಾದ ಕಾಮಗಾರಿಗಳು

ಈ ಕೆಳಕಂಡ ಸಂದರ್ಭಗಳಲ್ಲಿ ಕೆಲಸಕ್ಕೆ ಮುನ್ನ ಸಂಬಂಧಪಟ್ಟ ಕಛೇರಿಯ ಸಲಹೆ ಅಥವಾ ಅನುಮತಿ ಪಡೆಯುವುದು.

- ಹೊಸ ನೀರಿನ ಅಥವಾ ಒಳಚರಂಡಿ ಸಂಪರ್ಕ
- ಸಂಪರ್ಕದ ಕೊಳವೆಯ ಅಳತೆ ಹೆಚ್ಚಿಸುವುದು ಅಥವಾ ಸ್ಥಳ ಬದಲಿಸುವುದು
- ಮಾಪಕವನ್ನು ಸ್ಥಳಾಂತರಿಸುವುದು
- ವಾಸದ ಮನೆಯನ್ನು ಅಂಗಡಿ, ಹೋಟೆಲ್ ಅಥವಾ ವಸತಿಗೃಹವಾಗಿ ಮಾರ್ಪಡಿಸುವುದು
- ಕೊಳವೆ ಅಳವಡಿಸಲು ಸಾರ್ವಜನಿಕ ರಸ್ತೆಯನ್ನು ಅಗೆಯುವುದು
- ಕೊಳವೆ ಬಾವಿ ಕೊರೆಸುವುದು

ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಗಿದ್ದು, 2009ರಲ್ಲಿ ಮಂಡಳಿಯ ಅಧಿನಿಯಮಕ್ಕೆ ಈ ಬಗ್ಗೆ ತಿದ್ದುಪಡಿ ಮಾಡಲಾಯಿತು. ನಿವೇಶನದ ಅಳತೆಗೆ ಅನುಗುಣವಾಗಿ ಅನ್ವಯವಾಗುವ ಷರತ್ತನ್ನು ಮನೆಯ ನಕ್ಷೆ ಸಿದ್ಧಪಡಿಸುವಾಗಲೇ ವಿಚಾರಿಸುವುದು ಸೂಕ್ತ. ಇದರ ಮಾದರಿಗಳನ್ನು ಜಯನಗರ 5ನೇ ಬಡಾವಣೆಯಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿ ನೋಡಬಹುದು. ನಿರ್ಮಾಣ, ವಾಹನ ತೊಳೆಯುವಿಕೆ ಮತ್ತು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ಮಂಡಳಿಯು 2024ರ ಮಾರ್ಚ್‌ನಲ್ಲಿ ನಿಷೇಧಿಸಿ, 5,000 ರೂ. ದಂಡ ವಿಧಿಸಿ ಆದೇಶಿಸಿತ್ತು. ಕಾಮಗಾರಿಯ ಅವಧಿಯಲ್ಲಿ ಯಾವ ನೀರನ್ನು ಬಳಸಬಹುದೆಂದು ಆರಂಭದಲ್ಲಿಯೇ ತಿಳಿದುಕೊಳ್ಳುವುದು ಒಳ್ಳೆಯದು.

ಕಟ್ಟಡಗಳಿಗೆ ಸ್ವಾಧೀನಾನುಭವ ಪತ್ರ ದೊರೆತ ನಂತರವೇ ನೀರು, ವಿದ್ಯುತ್ ಮುಂತಾದ ಸಂಪರ್ಕ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ತಮ್ಮ ಕಟ್ಟಡಕ್ಕೆ ಇದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಕಛೇರಿಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳಬೇಕು.

3. ನಿಯಮಗಳ ಉದ್ದೇಶ

ಕೊಳಾಯಿ ನಿಯಮಗಳು ಶುಲ್ಕ ವಸೂಲಿಗಾಗಿ ಮಾತ್ರ ಇವೆ ಎಂಬ ಭಾವನೆ ಸರಿಯಲ್ಲ. ಒಂದು ಬೀದಿಯ ಎಲ್ಲ ಮನೆಗಳಿಗೂ ನೀರು ಬರುವುದು ಒಂದೇ ಕೊಳವೆಯಿಂದ. ಒಂದು ಮನೆಯವರು ಆ ಕೊಳವೆಗೆ ನೇರವಾಗಿ ಮೋಟಾರ್ ಅಳವಡಿಸಿ ನೀರೆಳೆದರೆ ಕೊಳವೆಯೊಳಗಿನ ಒತ್ತಡ ಕುಸಿಯುತ್ತದೆ. ಆಗ ಸುತ್ತಲಿನ ಮಣ್ಣಿನಲ್ಲಿರುವ ಕೊಳಚೆ ನೀರು ಬಿರುಕು ಮತ್ತು ಸಡಿಲ ಜೋಡಣೆಗಳ ಮೂಲಕ ಒಳಸೇರುತ್ತದೆ. ಇದರ ಪರಿಣಾಮ ಮೋಟಾರ್ ಹಾಕಿದವರಿಗಷ್ಟೇ ಸೀಮಿತವಾಗದೆ ನೆರೆಮನೆಯ ಮಕ್ಕಳನ್ನೂ ತಟ್ಟುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಅನೇಕರು ಅಸ್ವಸ್ಥರಾಗಿ, ಕೆಲವರು ಪ್ರಾಣ ಕಳೆದುಕೊಂಡರು. ಕುಡಿಯುವ ನೀರಿಗೆ ಹೊಲಸು ಸೇರಿದರೆ ಎಷ್ಟು ಬೇಗ ಪ್ರಾಣಾಪಾಯವಾಗಬಹುದು ಎಂಬುದಕ್ಕೆ ಈ ಘಟನೆ ಸಾಕ್ಷಿಯಾಗಿದೆ.

ಆದುದರಿಂದ ಈ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

- ಸರಬರಾಜು ಕೊಳವೆಗೆ ನೇರವಾಗಿ ಮೋಟಾರ್ ಜೋಡಿಸಬಾರದು. ನೀರನ್ನು ನೆಲತೊಟ್ಟಿಗೆ ಪಡೆದು, ಅಲ್ಲಿಂದ ಮೇಲ್ತೊಟ್ಟಿಗೆ ಏರಿಸಬೇಕು.
- ತೊಟ್ಟಿಗೆ ನೀರು ಬೀಳುವ ಕೊಳವೆಯ ಬಾಯಿ, ತೊಟ್ಟಿ ತುಂಬಿದಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಮುಳುಗಿದ ಕೊಳವೆಯ ಮೂಲಕ ತೊಟ್ಟಿಯ ನೀರು ಹಿಮ್ಮುಖವಾಗಿ ಹರಿಯುವ ಸಂಭವವಿರುತ್ತದೆ.
- ಕೊಳವೆ ಬಾವಿಯ ನೀರಿನ ಕೊಳವೆಯನ್ನು ಸರಬರಾಜು ಕೊಳವೆಗೆ ಜೋಡಿಸಬಾರದು. ನಡುವೆ ಕವಾಟವಿದ್ದರೂ ಇದು ಸುರಕ್ಷಿತವಲ್ಲ.
- ಕುಡಿಯುವ ನೀರಿನ ಕೊಳವೆಯನ್ನು ಒಳಚರಂಡಿ ಕೊಳವೆ ಅಥವಾ ಮಲಗುಂಡಿಯ ಸಮೀಪ ಹಾಯಿಸಬಾರದು.
- ಮಾಪಕವನ್ನು ತಪ್ಪಿಸಿ ನೀರು ಪಡೆಯುವುದು ಶಿಕ್ಷಾರ್ಹವಾಗಿರುತ್ತದೆ.

4. ಹೊಣೆಗಾರಿಕೆ

ಮುಖ್ಯ ಕೊಳವೆ ಮಾರ್ಗದ ನಿರ್ವಹಣೆ ಸಂಸ್ಥೆಯದ್ದಾಗಿದ್ದು, ಮನೆಯ ಆವರಣದೊಳಗಿನ ಕೊಳವೆ, ತೊಟ್ಟಿ ಮತ್ತು ನಲ್ಲಿಗಳ ನಿರ್ವಹಣೆ ಮಾಲೀಕರದ್ದಾಗಿರುತ್ತದೆ. ಇವೆರಡರ ನಡುವಣ ಸಂಪರ್ಕ ಕೊಳವೆ ಸೋರಿದಲ್ಲಿ ದುರಸ್ತಿಯ ವೆಚ್ಚ ಯಾರದ್ದು ಎಂಬುದನ್ನು ಸಂಪರ್ಕ ಪಡೆಯುವಾಗಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ಬಾಡಿಗೆದಾರರು ಕೊಳವೆಗಳನ್ನು ಮಾರ್ಪಡಿಸುವ ಮೊದಲು ಮಾಲೀಕರ ಒಪ್ಪಿಗೆ ಪಡೆಯುವುದು. ಸಂಪರ್ಕ ಜೋಡಣೆಯನ್ನು ಪರವಾನಗಿ ಹೊಂದಿದ ಕೊಳಾಯಿ ಕೆಲಸಗಾರರಿಂದ ಮಾಡಿಸಬೇಕೇ ಎಂದು ವಿಚಾರಿಸಿ, ಅಂತಹವರ ಪಟ್ಟಿಯನ್ನು ಕಛೇರಿಯಿಂದಲೇ ಪಡೆಯುವುದು ಸೂಕ್ತ.

5. ಸಂಪರ್ಕಿಸುವಾಗ ನೀಡಬೇಕಾದ ಮಾಹಿತಿ

- ಗ್ರಾಹಕರ ಸಂಖ್ಯೆ ಅಥವಾ ಆರ್.ಆರ್. ಸಂಖ್ಯೆ (ನೀರಿನ ಬಿಲ್ಲಿನಲ್ಲಿ ನಮೂದಿಸಿರುತ್ತದೆ)
- ಸ್ವತ್ತಿನ ವಿಳಾಸ, ವಾರ್ಡ್ ಮತ್ತು ಗುರುತಿನ ಸ್ಥಳ
- ಕಟ್ಟಡದ ಉಪಯೋಗ, ಅಂತಸ್ತುಗಳು ಮತ್ತು ವಾಸಿಸುವ ಕುಟುಂಬಗಳ ಸಂಖ್ಯೆ
- ಕೈಗೊಳ್ಳಲಿರುವ ಕಾಮಗಾರಿಯ ವಿವರ ಮತ್ತು ಕೈಬರಹದ ಸರಳ ನಕ್ಷೆ

ದೂರವಾಣಿಯಲ್ಲಿ ಮಾತನಾಡಿದಲ್ಲಿ ದೂರಿನ ಸಂಖ್ಯೆ, ದಿನಾಂಕ ಮತ್ತು ಉತ್ತರಿಸಿದವರ ಪದನಾಮವನ್ನು ಬರೆದಿಟ್ಟುಕೊಳ್ಳುವುದು. ಕಾಮಗಾರಿಗೆ ಸಂಬಂಧಿಸಿದ ಅನುಮತಿಯನ್ನು ಮಾತ್ರ ಲಿಖಿತದಲ್ಲಿಯೇ ಪಡೆಯುವುದು.

6. ನೀರಿನ ಗುಣಮಟ್ಟದ ಬಗ್ಗೆ ಸಂದೇಹವಿದ್ದಲ್ಲಿ

ನೀರು ಬಣ್ಣಗೆಟ್ಟಿದ್ದರೆ ಅಥವಾ ದುರ್ವಾಸನೆಯಿದ್ದರೆ ಅದನ್ನು ಕುಡಿಯುವುದನ್ನು ನಿಲ್ಲಿಸಿ, ತಕ್ಷಣ ದೂರು ನೀಡಬೇಕು. ನೆರೆಮನೆಗಳಲ್ಲಿಯೂ ಇದೇ ಸ್ಥಿತಿ ಇದೆಯೇ ಎಂದು ವಿಚಾರಿಸಿ ತಿಳಿಸಿದಲ್ಲಿ, ದೋಷವು ಮುಖ್ಯ ಕೊಳವೆಯಲ್ಲಿದೆಯೋ ಮನೆಯ ತೊಟ್ಟಿಯಲ್ಲಿದೆಯೋ ಎಂದು ಪತ್ತೆಹಚ್ಚಲು ಸುಲಭವಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿ ಲೀಟರ್ ನೀರಿನಲ್ಲಿ ಇ-ಕೊಲಿ ಜೀವಾಣು ಕಂಡುಬರಬಾರದು. ಫ್ಲೋರೈಡ್ ಅಂಶದ ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿ ಗ್ರಾಂ, ಪರ್ಯಾಯ ಮೂಲವಿಲ್ಲದಿದ್ದಲ್ಲಿ ಗರಿಷ್ಠ 1.5 ಮಿಲಿ ಗ್ರಾಂ. ಕುದಿಸುವುದರಿಂದ ರೋಗಾಣುಗಳು ನಾಶವಾಗುತ್ತವೆಯಾದರೂ ಫ್ಲೋರೈಡ್ ನಿವಾರಣೆಯಾಗುವುದಿಲ್ಲ. ಗ್ರಾಮಗಳಲ್ಲಿ ಪಂಚಾಯಿತಿಯ ಕ್ಷೇತ್ರ ಪರೀಕ್ಷಾ ಕಿಟ್ ಮೂಲಕ ಪ್ರಾಥಮಿಕ ಪರೀಕ್ಷೆಯನ್ನು, ಜಿಲ್ಲಾ ಪ್ರಯೋಗಾಲಯದಲ್ಲಿ ವಿವರವಾದ ಪರೀಕ್ಷೆಯನ್ನು ಕೋರಬಹುದಾಗಿದೆ.

7. ವಿಳಂಬವಾದಲ್ಲಿ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೆ ಪಡೆಯತಕ್ಕದ್ದು. ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ಪಡೆಯಲು ಹಾಗೂ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಅರ್ಜಿಯ ಕಡತದ ಸ್ಥಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಕೇಳಬಹುದು. ಇದಕ್ಕೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ. ಬೆಂಗಳೂರಿನ ಗ್ರಾಹಕರು ಮಂಡಳಿಯು ಉಪವಿಭಾಗಗಳಲ್ಲಿ ನಡೆಸುವ ನೀರಿನ ಅದಾಲತ್‌ನಲ್ಲಿ ಬಿಲ್ಲು ಮತ್ತು ಸಂಪರ್ಕದ ಕುಂದುಕೊರತೆಗಳನ್ನು ಸಲ್ಲಿಸಬಹುದಾಗಿದೆ.

8. ವಿಶೇಷ ಸೂಚನೆ

ಶುಲ್ಕಗಳನ್ನು ನಿಗದಿತ ಕೌಂಟರ್ ಅಥವಾ ಅಧಿಕೃತ ಆನ್‌ಲೈನ್ ವ್ಯವಸ್ಥೆಯಲ್ಲಿ ಮಾತ್ರ ಪಾವತಿಸಿ ರಸೀದಿ ಪಡೆಯಬೇಕು. ಮಧ್ಯವರ್ತಿಗಳ ಮೂಲಕ ಪಡೆದ ಅನಧಿಕೃತ ಸಂಪರ್ಕವನ್ನು ಕಡಿತಗೊಳಿಸಿದಲ್ಲಿ, ಅವರಿಗೆ ಕೊಟ್ಟ ಹಣವನ್ನು ಕಛೇರಿಯಿಂದ ಹಿಂಪಡೆಯಲು ಸಾಧ್ಯವಿರುವುದಿಲ್ಲ. ಕೊಳವೆಗಳನ್ನು ಹೂಳುವ ಮುನ್ನ ಸ್ಥಳ ಪರಿಶೀಲನೆಗೆ ಕೋರಿಕೆ ಸಲ್ಲಿಸಿ, ಗುಂಡಿ ತೆರೆದಿರುವಾಗಲೇ ಛಾಯಾಚಿತ್ರ ತೆಗೆದಿರಿಸಿಕೊಂಡಲ್ಲಿ, ಮುಂದೆ ಸೋರಿಕೆ ಉಂಟಾದಾಗ ಮನೆಯ ನೆಲವನ್ನೆಲ್ಲ ಅಗೆಯುವ ಪ್ರಮೇಯ ತಪ್ಪುತ್ತದೆ. ಸಾರ್ವಜನಿಕರು ಈ ಬಗ್ಗೆ ಸಹಕರಿಸಲು ಕೋರಲಾಗಿದೆ.