ಗಾಣವೂ ಶಾಸನವೂ

ಕನ್ನಡ ಶಾಸನಗಳನ್ನು ಓದುವವರು ಅರಸರ ಬಿರುದಾವಳಿಯನ್ನು ಮೆಚ್ಚಿ ಅಲ್ಲಿಗೇ ನಿಲ್ಲುವುದುಂಟು. ಆದರೆ ಬಿರುದುಗಳು ಮುಗಿದ ಮೇಲೆ ಬರುವ ದತ್ತಿಯ ಸಾಲುಗಳಲ್ಲಿಯೇ ಜನಜೀವನದ ಇತಿಹಾಸವಡಗಿದೆ. ಕಲ್ಯಾಣದ ಚಾಲುಕ್ಯರ ಕಾಲದ, ಎಂದರೆ 11-12ನೆಯ ಶತಮಾನಗಳ, ಎಷ್ಟೋ ಶಾಸನಗಳಲ್ಲಿ ದೇವರ ನಂದಾದೀವಿಗೆಗಾಗಿ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಬಿಟ್ಟ ಸಂಗತಿಯನ್ನು ಕಾಣುತ್ತೇವೆ. ಎಣ್ಣೆ ತೆಗೆಯುವವರನ್ನು ಆ ಶಾಸನಗಳು ತೆಲ್ಲಿಗರೆಂದು ಕರೆಯುತ್ತವೆ. ಅದೇ ಕಾಯಕದ ಹೆಸರನ್ನು ಹೊತ್ತ ಗಾಣದ ಕಣ್ಣಪ್ಪನು ಶರಣರ ಗಣದಲ್ಲಿ ಒಬ್ಬನು.

ಈ ವಿದ್ಯೆ ಶಾಸನಗಳಿಗಿಂತಲೂ ಬಹು ಹಳೆಯದು. ಹರಪ್ಪದ ಉತ್ಖನನದಲ್ಲಿ ಕರಿದ ಎಳ್ಳು ದೊರೆತಿದೆ. ಸಂಸ್ಕೃತದ ‘ತೈಲ’ವು ‘ತಿಲ’ದಿಂದ ಬಂದುದು, ನಮ್ಮ ‘ಎಣ್ಣೆ’ಯೂ ಎಳ್ಳು ಮತ್ತು ನೆಯ್ ಎಂಬೆರಡು ಮಾತುಗಳು ಕೂಡಿ ಆದುದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಎಳ್ಳಿನ ಕಾಳಿನಲ್ಲಿ ತೂಕದ ಅರ್ಧದಷ್ಟು ಎಣ್ಣೆಯಿರುವಾಗ ಹೆಸರು ಅದರಿಂದ ಹುಟ್ಟಿದುದು ಸೋಜಿಗವಲ್ಲ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಎರೆಭೂಮಿಗೆ ಕುಸುಬೆಯೂ ಒಪ್ಪುವ ಬೆಳೆ. ಹಿಂಗಾರಿಯ ಬಿಳಿಜೋಳದ ಹೊಲದ ಅಂಚಿಗೆ ಇದನ್ನು ಬಿತ್ತುವುದುಂಟು. ಮುಳ್ಳಿನ ಗಿಡವಾದುದರಿಂದ ದನಗಳು ಒಳನುಗ್ಗವು. ಎಲ್ಲೆಯಲ್ಲಿ ನಿಂತು ಹೊಲವನ್ನು ಕಾದ ಈ ಗಿಡದ ಕಾಳೇ ಕೊನೆಗೆ ಗಾಣದ ಒರಳನ್ನು ಸೇರುತ್ತಿತ್ತು. ಒರಳಿನೊಳಗಿನ ಮರದ ದಿಮ್ಮಿಯನ್ನು ಎತ್ತು ಸುತ್ತಿ ತಿರುಗಿಸಿದಂತೆ ಕಾಳು ಅರೆದು ಎಣ್ಣೆ ಬಿಡುತ್ತಿತ್ತು. ಉಳಿದ ಹಿಂಡಿ ದನಗಳ ಮೇವಾಗುತ್ತಿತ್ತು.

ಎಳ್ಳೆಣ್ಣೆಯು ಬೇಗ ಕಮಟುವುದಿಲ್ಲವೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಗಾಳಿಯ ಆಮ್ಲಜನಕ ತಗುಲಿ ಎಣ್ಣೆ ಕೆಡುವುದನ್ನು ತಡೆಯುವ ಸೆಸಮಾಲ್ ಮೊದಲಾದ ವಸ್ತುಗಳು ಅದರಲ್ಲಿವೆಯೆಂದು ರಸಾಯನಶಾಸ್ತ್ರವು ಈಗ ಕಾರಣ ಹೇಳುತ್ತದೆ. ಇಂತಹುದೇ ಗುಣದ ಇ ಜೀವಸತ್ವವನ್ನು ಅಮೆರಿಕದ ಇವಾನ್ಸ್ ಮತ್ತು ಬಿಷಪ್ 1922ರಲ್ಲಿ ಕಂಡುಹಿಡಿದರು. 1936ರಲ್ಲಿ ಅದನ್ನು ಗೋಧಿಯ ಮೊಳಕೆಯ ಎಣ್ಣೆಯಿಂದ ಬೇರ್ಪಡಿಸಲಾಯಿತು. ಕುಸುಬೆ ಎಣ್ಣೆಯಲ್ಲಿಯೂ ಇದು ಹೇರಳವಾಗಿದೆ.

ಗಾಣವು ಹಿಂಡಿಯಲ್ಲಿ ಬಹಳಷ್ಟು ಎಣ್ಣೆಯನ್ನು ಬಿಟ್ಟುಬಿಡುತ್ತದೆ. ಹೆಕ್ಸೇನ್ ಎಂಬ ದ್ರಾವಕವನ್ನು ಬಳಸುವ ಕಾರ್ಖಾನೆಗಳು ಅದರಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ಮಾತ್ರ ಉಳಿಸುತ್ತವೆ. ಆದರೆ ಆ ಎಣ್ಣೆಯನ್ನು ಶುದ್ಧಿಗೊಳಿಸುವಾಗ ಇ ಜೀವಸತ್ವದ ಒಂದಂಶ ಕಳೆಯುತ್ತದೆ. 1934ರಲ್ಲಿ ಗಾಂಧೀಜಿಯವರು ವರ್ಧೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದರು; ಅಲ್ಲಿ ಝವೇರಭಾಯಿ ಪಟೇಲರು ಗಾಣವನ್ನು ಸುಧಾರಿಸಿದರು. ಆದರೂ ಗಿರಣಿಯ ಮುಂದೆ ಎತ್ತಿನ ಗಾಣ ನಿಲ್ಲಲಾರದಾಯಿತು.

ಹೋದ ವರ್ಷ ತರಗತಿಯಲ್ಲಿ ದತ್ತಿಶಾಸನವೊಂದನ್ನು ಓದಿಸುತ್ತ ಗಾಣವೆಂದರೇನೆಂದು ಕೇಳಿದೆನು. ಒಬ್ಬ ಹುಡುಗನೂ ಅದನ್ನು ಕಂಡವನಲ್ಲ. ವಸ್ತುವು ಮರೆಯಾದರೆ ಮಾತೂ ಮರೆಯಾಗುವುದು. ಮಾತು ಮರೆಯಾದರೆ ಕಲ್ಲಿನ ಮೇಲಿನ ಅಕ್ಷರವಿದ್ದೂ ಮೂಕವಾಗುವುದು. ಗಡಿನಾಡಿನ ನಮಗೆ ಆ ಕಲ್ಲುಗಳು ಪೂರ್ವಜರು ಬಿಟ್ಟುಹೋದ ಸಾಕ್ಷಿಪತ್ರಗಳು. ಆದುದರಿಂದ ವಾಚಕರು ತಂತಮ್ಮ ಊರಿನಲ್ಲಿ ಬಿದ್ದಿರುವ ಗಾಣದ ಕಲ್ಲನ್ನು ಗುರುತಿಸಿ, ಅದನ್ನು ನಡೆಸಿದ ಹಿರಿಯರು ಇನ್ನೂ ಇದ್ದಲ್ಲಿ ಅವರ ಬಾಯಿಂದ ಅದರ ಒಂದೊಂದು ಅಂಗದ ಹೆಸರನ್ನೂ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ. ನಂದಾದೀವಿಗೆಗೆ ನಾವು ಎರೆಯಬಹುದಾದ ಸೊಲ್ಲಗೆ ಎಣ್ಣೆ ಇಂದು ಅದೇ.