‘ಕಲ್’ ಶಬ್ದದ ವಿಚಾರ

ನಾದವೊಂದಾದ ಮಾತ್ರಕ್ಕೆ ಶಬ್ದಗಳು ಬಂಧುಗಳಾಗಲಾರವು. ‘ಕಲ್’ ಎಂಬುದೇ ಇದಕ್ಕೆ ನಿದರ್ಶನ. ಕನ್ನಡ, ತಮಿಳು ನುಡಿಗಳಲ್ಲಿ ಅದು ಶಿಲೆ. ನಮ್ಮ ವೀರಗಲ್ಲನ್ನು ತಮಿಳರು ‘ನಡುಕಲ್’ ಎನ್ನುವರು. ವೀರರಿಗೆ ಕಲ್ಲು ನೆಡುವ ವಿಧಿಯನ್ನು ಪ್ರಾಚೀನವಾದ ತೊಲ್ಕಾಪ್ಪಿಯವು ಹೇಳುತ್ತದೆ. ಇದೇ ನಾದದ ಧಾತುವೊಂದಕ್ಕೆ ವಿದ್ಯೆಯನ್ನು ಅಭ್ಯಸಿಸು ಎಂಬರ್ಥವೂ ಉಂಟು. ನಮ್ಮ ‘ಕಲಿಕೆ’, ತಮಿಳರ ‘ಕಲ್ವಿ’ ಅದರಿಂದ ಬಂದವು. ಶಿಲೆಯಲ್ಲಿ ಅಕ್ಷರ ಕೆತ್ತಿ ಕಲಿತುದರಿಂದ ಇವೆರಡೂ ಒಂದೇ ಎಂದು ಊಹಿಸುವುದು ಸುಲಭ. ಆದರೆ ಬರೋ, ಎಮೆನೋ ಎಂಬ ಪಂಡಿತರು 1961ರಲ್ಲಿ ಪ್ರಕಟಿಸಿದ ದ್ರಾವಿಡ ನಿಷ್ಪತ್ತಿಕೋಶದಲ್ಲಿ ಇವನ್ನು ಬೇರೆಬೇರೆಯಾಗಿಯೇ ಎಣಿಸಿರುವರು.

ಹಿಂದಿಯ ‘ಕಲ್’ ಇನ್ನೂ ದೂರದ್ದು. ಪ್ರಾತಃಕಾಲವೆಂಬರ್ಥದ ಸಂಸ್ಕೃತ ‘ಕಲ್ಯ’ವು ಪ್ರಾಕೃತದಲ್ಲಿ ‘ಕಲ್ಲ’ವಾಗಿ, ಬಳಿಕ ಹಿಂದಿಗೆ ಇಳಿಯಿತು. ಅಲ್ಲಿ ಅದು ನಿನ್ನೆಯೂ ಹೌದು, ನಾಳೆಯೂ ಹೌದು. ಯಾವುದೆಂಬುದನ್ನು ಕ್ರಿಯಾಪದವೇ ನಿರ್ಣಯಿಸಬೇಕು. ಅದೇ ಮೂಲದ ಮರಾಠಿಯ ‘ಕಾಲ್’ ನಿನ್ನೆಗೆ ಮಾತ್ರ ನಿಂತಿತು. ಪ್ರಾಕೃತದ ‘ಕಲ್ಲ’ವು ರೂಪದಲ್ಲಿ ನಮ್ಮ ‘ಕಲ್ಲಿ’ಗೆ ಎಷ್ಟು ಸಮೀಪವಾದರೂ ಅದರ ಸಂಬಂಧಿಯಲ್ಲ.

ಕಾಲ್ಡ್‌ವೆಲ್ ಪಂಡಿತನು 1856ರಲ್ಲಿ ದ್ರಾವಿಡ ಭಾಷೆಗಳ ಬಾಂಧವ್ಯವನ್ನು ಸಾಧಿಸಹೊರಟಾಗ ಸರ್ವನಾಮ, ಸಂಖ್ಯಾವಾಚಕ, ವಿಭಕ್ತಿಗಳನ್ನು ಕ್ರಮವಾಗಿ ಹೋಲಿಸಿ ನೋಡಿದನು. ಇತಿಹಾಸಕಾರನೂ ಶಬ್ದವೊಂದನ್ನು ಸಾಕ್ಷಿಗೆ ಕರೆಯುವ ಮೊದಲು ಅದರ ಕುಲವನ್ನು ವಿಚಾರಿಸತಕ್ಕದ್ದು.